ಪಂಚಾಕ್ಷರಿ ಗವಾಯಿಗಳವರ ನಾದಪೂಜೆ



ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಸುರಿದು, ಹೊಲದಲ್ಲಿ ಹೆಸರು ಶೇಂಗಾ ಎದ್ದು ನಿಂತು, ಮನೆಯಲ್ಲಿ ಕಾಳುಕಡಿ ತುಂಬಿಕೊಂಡಿರುವಾಗ ಶಿವನನ್ನು ಕೊಂಡಾಡುವುದು ದೊಡ್ಡ ಕೆಲಸವೇನಲ್ಲ. ಮಳೆ ಕೈಕೊಟ್ಟು, ಬಿತ್ತಿದ ಬೀಜ ಮಣ್ಣಿನಲ್ಲಿಯೇ ಒಣಗಿ, ಸೊಸಾಯಿಟಿಯ ಸಾಲ ಹೆಗಲೇರಿ ಕುಳಿತಾಗ ಜಗುಲಿಯ ದೀಪವೂ ಸಣ್ಣದಾಗುತ್ತದೆ. ಅಂಥ ದಿನಗಳಲ್ಲಿ ಮಠಕ್ಕೆ ಬಂದ ಹಿರಿಯರು, ಐವತ್ತು ವರ್ಷ ಲಿಂಗಪೂಜೆ ತಪ್ಪಿಸಿಲ್ಲ, ಆದರೂ ನಮಗೇಕೆ ಈ ಗತಿ ಎಂದು ನಮ್ಮನ್ನು ಕೇಳುವುದುಂಟು. ಆ ಪ್ರಶ್ನೆಗೆ ಶಾಸ್ತ್ರದಿಂದ ಉತ್ತರ ಕೊಡಬಹುದು. ಆದರೆ ಹಸಿದವನಿಗೆ ಅಡಿಗೆಯ ವಿಧಾನ ಹೇಳಿದಂತಾದೀತು. ಆದ್ದರಿಂದ ನಾವು ಈ ವಾರ ನಮ್ಮದೇ ಸೀಮೆಯ ಒಬ್ಬ ಮಹಾತ್ಮರ ಬದುಕನ್ನು ನಿಮ್ಮ ಮುಂದೆ ಇಡುತ್ತೇವೆ. ಹುಟ್ಟುತ್ತಲೇ ಕಣ್ಣಿಲ್ಲದವರು, ಬಡತನದಲ್ಲಿ ಬೆಳೆದವರು, ಊರೂರು ತಿರುಗಿ ಅನ್ನ ಬೇಡಿ ಇತರರಿಗೆ ಉಣಿಸಿದವರು, ಗದಗಿನ ವೀರೇಶ್ವರ ಪುಣ್ಯಾಶ್ರಮದ ಸ್ಥಾಪಕರಾದ ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು.

ಅವರು ಜನಿಸಿದ್ದು ೧೮೯೨ರ ಫೆಬ್ರುವರಿ ೨ರಂದು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಚರಂತಿಮಠದ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳೆಂದರೆ ಆ ಕಾಲದ ಹಳ್ಳಿಯಲ್ಲಿ ಆ ತಾಯಿ ಏನೇನು ಮಾತು ಕೇಳಿರಬಹುದು ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಪೂರ್ವಜನ್ಮದ ಪಾಪವೆನ್ನುವ ನಾಲಿಗೆಗಳು ಆಗಲೂ ಇದ್ದವು, ಈಗಲೂ ಇವೆ. ಶರಣರ ಮಾರ್ಗದಲ್ಲಿ ಇಂಥ ಮಾತಿಗೆ ಸ್ಥಾನವಿಲ್ಲ. ದೀಕ್ಷೆ ಪಡೆದು ಅಂಗದ ಮೇಲೆ ಲಿಂಗ ಬಂದ ಮೇಲೆ ಆ ದೇಹ ಪ್ರಸಾದಕಾಯವಾಗುತ್ತದೆ. ಅದರಲ್ಲಿ ಊನ ಹುಡುಕುವವನೇ ಊನವುಳ್ಳವನು.

ಕಾಲವೂ ಒಳ್ಳೆಯದಿರಲಿಲ್ಲ. ಗದಿಗೆಯ್ಯ ನಾಲ್ಕೈದು ವರ್ಷದವನಿರುವಾಗ, ೧೮೯೬-೯೭ರಲ್ಲಿ, ಮುಂಬಯಿ ಪ್ರಾಂತಕ್ಕೆ ಬರ ಬಿತ್ತು. ಅದರ ಗಾಯ ಮಾಯುವ ಮೊದಲೇ ೧೮೯೯-೧೯೦೦ರಲ್ಲಿ ಮತ್ತೊಂದು ಬರ. ನಡುವೆ ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ ಎರಡು ವರ್ಷದೊಳಗೆ ಹುಬ್ಬಳ್ಳಿಗೆ ಬಂದಿತು. ಇಲಿ ಬಿದ್ದ ಮನೆ ತೊರೆದು ಜನ ಊರ ಹೊರಗೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರೆಂಬುದನ್ನು ನಿಮ್ಮಲ್ಲಿ ಹಲವರು ನಿಮ್ಮ ಅಜ್ಜ ಅಜ್ಜಿಯರಿಂದ ಕೇಳಿರುತ್ತೀರಿ. ಕಣ್ಣುಳ್ಳವರೇ ದಾರಿ ಕಾಣದೆ ಕುಳಿತ ಕಾಲ ಅದು. ಕಣ್ಣಿಲ್ಲದ ಬಡವರ ಮಕ್ಕಳಿಗೆ ಜಾತ್ರೆಯಲ್ಲಿ ಗುಡಿಯ ಮುಂದೆ ಕೈಯೊಡ್ಡಿ ಕೂಡುವುದೊಂದೇ ಉಳಿದ ದಾರಿಯಾಗಿತ್ತು.

ಆ ದಾರಿಯನ್ನು ತಪ್ಪಿಸಿದವರು ಹಾನಗಲ್ಲ ವಿರಕ್ತಮಠದ ಪರಮಪೂಜ್ಯ ಶ್ರೀ ಕುಮಾರ ಮಹಾಸ್ವಾಮಿಗಳವರು. ೧೮೬೭ರಲ್ಲಿ ಜನಿಸಿ ೧೯೩೦ರಲ್ಲಿ ಲಿಂಗೈಕ್ಯರಾದ ಆ ಮಹಾನುಭಾವರ ಕಾರ್ಯವನ್ನು ಈ ಅಂಕಣದಲ್ಲಿ ವಿಸ್ತಾರವಾಗಿ ಹೇಳಲು ಸ್ಥಳ ಸಾಲದು. ೧೯೦೪ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆ, ೧೯೦೯ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ, ಇವೆರಡನ್ನು ನೆನೆದರೆ ಸಾಕು. ಮಠಕ್ಕೆ ವಟುಗಳನ್ನು ಹುಡುಕುತ್ತಿದ್ದ ಅವರ ದೃಷ್ಟಿ ಕಾಡಶೆಟ್ಟಿಹಳ್ಳಿಯ ಈ ಅಣ್ಣ ತಮ್ಮಂದಿರ ಮೇಲೆ ಬಿತ್ತು. ಊರು ಕಂಡದ್ದು ನಾಲ್ಕು ಕುರುಡು ಕಣ್ಣು. ಅವರು ಕಂಡದ್ದು ಎರಡು ಕಂಠ. ಮಕ್ಕಳನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು, ಸಂಗೀತ ಕಲಿಸುವ ಏರ್ಪಾಡು ಮಾಡಿದರು, ಗದಿಗೆಯ್ಯನಿಗೆ ಪಂಚಾಕ್ಷರಿ ಎಂದು ಹೆಸರಿಟ್ಟರು.

ಈ ಹೆಸರಿನ ಬಗ್ಗೆ ಒಂದು ಮಾತು. ಪಂಚಾಕ್ಷರಿಯೆಂದರೆ ನಾವು ನೀವು ಜಪಿಸುವ ಶಿವಮಂತ್ರ. ಅಷ್ಟಾವರಣದಲ್ಲಿ ಮಂತ್ರವೂ ಒಂದು. ಮನುಷ್ಯನಿಗೆ ದೇವರ ಹೆಸರಿಡುವುದು ವಾಡಿಕೆ. ಮಂತ್ರದ ಹೆಸರನ್ನೇ ಇಟ್ಟರೆ ಅವನನ್ನು ಕರೆದಾಗಲೆಲ್ಲ ಕರೆದವನ ಬಾಯಲ್ಲಿ ಜಪವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಪಂಚಾಕ್ಷರಯ್ಯ, ಪಂಚಾಕ್ಷರಪ್ಪ ಎಂಬ ಹೆಸರುಗಳು ಇಂದಿಗೂ ಇವೆ. ಈಗಿನ ತಾಯಂದಿರು ಮಕ್ಕಳಿಗೆ ಇಡುವ ಹೆಸರುಗಳಲ್ಲಿ ಕೆಲವನ್ನು ಉಚ್ಚರಿಸಲು ನಮಗೇ ಬಾರದು, ಆ ಮಾತು ಇರಲಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಗವಾಯಿಗಳವರು ತ್ರಿಕಾಲ ಲಿಂಗಪೂಜಾನಿಷ್ಠರಾಗಿದ್ದರು. ಲಿಂಗಪೂಜೆಯೆಂದರೆ ಏನೆಂಬುದು ನಿಮಗೆ ಗೊತ್ತು. ಎಡಗೈಯ ಕರಪೀಠದಲ್ಲಿ ಇಷ್ಟಲಿಂಗವನ್ನು ಇಟ್ಟು, ಮಜ್ಜನ ನೀಡಿ, ಭಸ್ಮ ಧರಿಸಿ, ಪತ್ರಿ ಪುಷ್ಪ ಏರಿಸಿ, ಬಳಿಕ ಎವೆಯಿಕ್ಕದೆ ಲಿಂಗವನ್ನೇ ನೋಡುತ್ತ ಕುಳಿತುಕೊಳ್ಳುವುದು. ಆ ನೋಟವೇ ಪೂಜೆಯ ಜೀವಾಳ. ಶಿವಯೋಗಿಗಳು ಅದನ್ನು ದೃಷ್ಟಿಯೋಗವೆನ್ನುತ್ತಾರೆ. ಹಾಗಾದರೆ ನೋಟವೇ ಇಲ್ಲದವನ ಪೂಜೆ ಪೂರ್ಣವಾದೀತೇ? ಪ್ರಶ್ನೆ ಸಣ್ಣದಲ್ಲ. ಕಣ್ಣು ಮಂಜಾದ ಎಷ್ಟೋ ವೃದ್ಧರು ತಮ್ಮ ಪೂಜೆ ಇನ್ನು ಸಲ್ಲುವುದಿಲ್ಲವೇನೋ ಎಂದು ಒಳಗೊಳಗೇ ಅಳುಕುತ್ತಾರೆ.

ನಮ್ಮ ಷಟ್‌ಸ್ಥಲ ಶಾಸ್ತ್ರ ಇದಕ್ಕೆ ಬಹಳ ಹಿಂದೆಯೇ ಉತ್ತರ ಹೇಳಿದೆ. ಒಂದೇ ಲಿಂಗ ಭಕ್ತನ ಇಂದ್ರಿಯಗಳಲ್ಲಿ ಆರಾಗಿ ನೆಲೆಸುತ್ತದೆ. ಮೂಗಿನಲ್ಲಿ ಆಚಾರಲಿಂಗ, ನಾಲಿಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಒಂದೊಂದು ಲಿಂಗಕ್ಕೂ ಒಂದೊಂದು ಅರ್ಪಣ. ಮೂಗಿನ ಲಿಂಗಕ್ಕೆ ಗಂಧ, ನಾಲಿಗೆಯ ಲಿಂಗಕ್ಕೆ ರುಚಿ, ಕಣ್ಣಿನ ಲಿಂಗಕ್ಕೆ ರೂಪ, ತ್ವಕ್ಕಿನ ಲಿಂಗಕ್ಕೆ ಸ್ಪರ್ಶ, ಕಿವಿಯ ಲಿಂಗಕ್ಕೆ ಶಬ್ದ. ಒಂದು ಬಾಗಿಲು ಮುಚ್ಚಿದ್ದರೆ ಮನೆಯೊಡೆಯ ಹೊರಗೆ ಉಳಿಯಲಿಲ್ಲ. ಅವನು ಒಳಗೇ ಇದ್ದಾನೆ, ಉಳಿದ ಬಾಗಿಲುಗಳು ತೆರೆದೇ ಇವೆ. ಪಂಚಾಕ್ಷರಿ ಗವಾಯಿಗಳವರ ಬೆರಳ ತುದಿಗೆ ಇಷ್ಟಲಿಂಗದ ಸ್ಪರ್ಶ ಗೊತ್ತಿತ್ತು. ಕಿವಿಯಲ್ಲಿರುವ ಪ್ರಸಾದಲಿಂಗಕ್ಕೆ ಅವರು ಸ್ವರವನ್ನು ಅರ್ಪಿಸಿದರು. ತಂಬೂರಿಯ ಷಡ್ಜ ಅವರಿಗೆ ಮಜ್ಜನದ ನೀರು, ರಾಗ ಅವರ ಪತ್ರಿ ಪುಷ್ಪ. ಜನ ಅದನ್ನು ಗಾಯನವೆಂದು ಕೇಳಿದರು. ನಾವು ಅದನ್ನು ಪೂಜೆಯೆಂದೇ ತಿಳಿಯುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ತಮ್ಮ ಶರೀರವನ್ನೇ ವಾದ್ಯವಾಗಿಸಿಕೊಳ್ಳೆಂದು ಕೂಡಲಸಂಗಮದೇವನನ್ನು ಬೇಡಿಕೊಂಡದ್ದುಂಟು. ಆ ಬೇಡಿಕೆ ನಮ್ಮ ಗದಗಿನಲ್ಲಿ ಒಬ್ಬರ ದೇಹದಲ್ಲಿ ನಡೆದುಹೋಯಿತು.

ಆದರೆ ಅರ್ಪಿಸುವ ವಸ್ತು ಶುದ್ಧವಾಗಿರಬೇಕಲ್ಲವೇ? ಹುಳುಕು ಪತ್ರಿಯನ್ನು ಲಿಂಗಕ್ಕೆ ಏರಿಸುವುದಿಲ್ಲ. ಹಾಗೆಯೇ ಅಪಸ್ವರವನ್ನು ಅರ್ಪಿಸಲು ಗವಾಯಿಗಳವರ ಮನಸ್ಸು ಒಪ್ಪಲಿಲ್ಲ. ಅದಕ್ಕಾಗಿ ವರ್ಷಗಟ್ಟಲೆ ಕಲಿತರು. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಆ ಮೇಲೆ ಮಿರಜಿನ ಕಡೆಯ ಹಿಂದೂಸ್ತಾನಿ ಪದ್ಧತಿಯನ್ನು ನೀಲಕಂಠಬುವಾ ಆಲೂರಮಠ ಅವರಲ್ಲಿ ಕಲಿತರು. ಮುಂದೆ ಮಲ್ಲಿಕಾರ್ಜುನ ಮನಸೂರರಿಗೂ ಗುರುಗಳಾದವರು ಇದೇ ನೀಲಕಂಠಬುವಾ. ಎರಡೂ ಪದ್ಧತಿಗಳಲ್ಲಿ ಅಧಿಕಾರವಾಣಿಯಿಂದ ಹಾಡಬಲ್ಲವರು ಆಗಲೂ ವಿರಳ, ಈಗಲೂ ವಿರಳ. ಪುಸ್ತಕ ನೋಡಿ ಬರೆದುಕೊಳ್ಳುವಂತಿಲ್ಲ, ಕೇಳಿದ್ದನ್ನು ಕೇಳಿದಂತೆ ಕಂಠದಲ್ಲಿ ಕಟ್ಟಿಕೊಳ್ಳಬೇಕು. ಆ ಶ್ರಮವನ್ನು ಕಣ್ಣುಳ್ಳ ನಾವು ಊಹಿಸುವುದೂ ಕಷ್ಟ. ಇತ್ತೀಚೆಗೆ ಧ್ವನಿವರ್ಧಕ ಹಚ್ಚಿ ಓಣಿಯ ನಿದ್ದೆ ಕೆಡಿಸುವುದನ್ನೇ ಭಜನೆಯೆಂದು ತಿಳಿದಿರುವ ತರುಣರು ಇದನ್ನು ಸ್ವಲ್ಪ ಗಮನಿಸಬೇಕು.

ಇಷ್ಟು ವಿದ್ಯೆ ಕೈಗೂಡಿದ ಮೇಲೆ ಅವರ ಮುಂದೆ ಎರಡು ದಾರಿಗಳಿದ್ದವು. ಸಂಸ್ಥಾನಗಳು ಇನ್ನೂ ಇದ್ದ ಕಾಲ. ಒಳ್ಳೆಯ ಗವಾಯಿಗಳಿಗೆ ದರಬಾರಿನಲ್ಲಿ ಶಾಲು, ಬಿದಾಗಿ, ಗೌರವ ಎಲ್ಲವೂ ಇತ್ತು. ಒಂಟಿ ಜೀವ, ಆಜನ್ಮ ಬ್ರಹ್ಮಚಾರಿ, ಹೊಟ್ಟೆಗೆ ಬೇಕಾಗುವುದೆಷ್ಟು? ಅವರು ಆ ದಾರಿ ಹಿಡಿಯಲಿಲ್ಲ. ತಮ್ಮನ್ನು ಗುರುಗಳು ಹೇಗೆ ಎತ್ತಿಕೊಂಡರೋ ಹಾಗೆ ತಾವೂ ಅಂಧ ಮಕ್ಕಳನ್ನು, ಅನಾಥರನ್ನು, ಬಡವರ ಮಕ್ಕಳನ್ನು ಎತ್ತಿಕೊಳ್ಳತೊಡಗಿದರು. ಜಾತಿ ಕೇಳಲಿಲ್ಲ. ಜಂಗಮರ ಮನೆಯಲ್ಲಿ ಹುಟ್ಟಿ, ವಿರಕ್ತಮಠದ ನೆರಳಿನಲ್ಲಿ ಬೆಳೆದ ಒಬ್ಬರು ನೂರು ವರ್ಷಗಳ ಹಿಂದೆ ಹೀಗೆ ನಡೆದುಕೊಂಡರೆಂಬುದನ್ನು ನಾವು ವಿಶೇಷವಾಗಿ ಹೇಳುತ್ತೇವೆ. ಯಾಕೆಂದರೆ ಈಗಲೂ ಪಂಕ್ತಿಯಲ್ಲಿ ಪಕ್ಕದವನ ಕುಲ ಕೇಳುವವರು ನಮ್ಮ ನಡುವೆ ಇದ್ದಾರೆ.

ಪಾಠಶಾಲೆಗೆ ಕಟ್ಟಡವಿರಲಿಲ್ಲ. ಬಹಳ ವರ್ಷ ಅದೊಂದು ಸಂಚಾರಿ ಪಾಠಶಾಲೆ. ಹಾರ್ಮೋನಿಯಂ, ತಬಲಾ, ತಂಬೂರಿ, ಅಡಿಗೆಯ ಪಾತ್ರೆ, ಶಿಷ್ಯರ ದಂಡು, ಇವಿಷ್ಟೂ ಊರಿಂದೂರಿಗೆ ಹೊರಡುತ್ತಿತ್ತು. ಗುರುಗಳಿಗೂ ಕಣ್ಣಿಲ್ಲ, ಶಿಷ್ಯರಲ್ಲಿ ಅನೇಕರಿಗೆ ಕಣ್ಣಿಲ್ಲ. ಗುಡಿಯಲ್ಲೋ ಮಠದಲ್ಲೋ ಇಳಿದುಕೊಂಡು, ಕೀರ್ತನ, ಸಂಗೀತ ನಡೆಸಿ, ಭಕ್ತರು ಜೋಳಿಗೆಗೆ ನೀಡಿದ ಕಾಳಿನಿಂದ ಅಂದಿನ ದಾಸೋಹ. ನೀಡಿದರೆ ಉಂಟು, ಇಲ್ಲವಾದರೆ ಇಲ್ಲ. ಇಂಥ ಬದುಕಿನಲ್ಲಿ ಉಪವಾಸದ ದಿನಗಳು ಬಂದೇ ಬರುತ್ತವೆ. ಒಬ್ಬ ಸನ್ಯಾಸಿ ತಾನು ಉಪವಾಸವಿದ್ದು ಶಿವನನ್ನು ಹಾಡಿದರೆ ನಾವು ಅದನ್ನು ತಪಸ್ಸೆಂದು ಕರೆಯುತ್ತೇವೆ, ಕೈಮುಗಿಯುತ್ತೇವೆ. ಆದರೆ ತನ್ನನ್ನೇ ನಂಬಿ ಬಂದ ಮಕ್ಕಳು ಪಕ್ಕದಲ್ಲಿ ಹಸಿದು ಕುಳಿತಿರುವಾಗ ಅದೇ ಶಿವನನ್ನು ಅದೇ ಭಕ್ತಿಯಿಂದ ಹಾಡುವುದು ಬೇರೆಯ ಮಾತು. ಗವಾಯಿಗಳವರ ಬದುಕಿನಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ. ಮಕ್ಕಳನ್ನು ಕಡಿಮೆ ಮಾಡಿಕೊಂಡಿದ್ದರೆ ಕಷ್ಟ ಕಡಿಮೆಯಾಗುತ್ತಿತ್ತು. ಅವರು ಮಕ್ಕಳನ್ನೂ ಕಡಿಮೆ ಮಾಡಲಿಲ್ಲ, ಪೂಜೆಯನ್ನೂ ಕಡಿಮೆ ಮಾಡಲಿಲ್ಲ.

೧೯೩೦ರಲ್ಲಿ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದರು. ಗವಾಯಿಗಳವರಿಗೆ ಆಗ ಮೂವತ್ತೆಂಟು ವರ್ಷ. ಕಣ್ಣೂ ಬೆನ್ನೂ ಆಗಿದ್ದ ಗುರುಗಳೇ ಇಲ್ಲವಾದ ಮೇಲೆ ಭಾರವೆಲ್ಲ ಅವರೊಬ್ಬರ ಹೆಗಲಿಗೆ ಬಂದಿತು. ಆಶ್ರಮದ ಅನ್ನಕ್ಕಾಗಿ ನಾಟಕ ಕಂಪನಿಯನ್ನೂ ಕಟ್ಟಿದರು. ಶಿವಪೂಜಾನಿಷ್ಠರಿಗೆ ನಾಟಕದ ಉಸಾಬರಿ ಏಕೆ ಎಂದು ಮೂಗು ಮುರಿಯುವವರಿಗೆ ನಮ್ಮ ಉತ್ತರವಿಷ್ಟೆ. ಭಕ್ತಿಪ್ರಧಾನ ನಾಟಕ ಆಡಿ ಬಂದ ಹಣದಿಂದ ಕುರುಡು ಮಕ್ಕಳ ತಾಟಿಗೆ ರೊಟ್ಟಿ ಬೀಳುವುದಾದರೆ ಅದು ಕಾಯಕ. ಕಾಯಕದಲ್ಲಿ ಮೇಲು ಕೀಳು ಎಣಿಸುವುದು ನಮ್ಮ ಧರ್ಮವಲ್ಲ.

ಶಿಷ್ಯರ ವಿಚಾರ ಹೇಳದಿದ್ದರೆ ಈ ಚರಿತ್ರೆ ಅರ್ಧವಾಗುತ್ತದೆ. ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ ೧೯೧೭ರಲ್ಲಿ ಜನಿಸಿದ ಬಸವರಾಜ ರಾಜಗುರು, ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಗವಾಯಿಗಳವರ ಆಶ್ರಯಕ್ಕೆ ಬಂದವರು. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ವಚನಗಾಯನದಿಂದ ಮನೆಮಾತಾದರು. ನಮ್ಮ ಬೆಟಗೇರಿಯ ಅರ್ಜುನಸಾ ನಾಕೋಡರೂ ಅವರಲ್ಲಿಯೇ ಕಲಿತವರು. ೧೯೩೬ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯಾಗಿ ಆರುನೂರು ವರ್ಷವಾದ ಉತ್ಸವ ನಡೆಯಿತು. ರಾಜಗುರು ಹತ್ತೊಂಬತ್ತರ ತರುಣ. ದೊಡ್ಡ ಸಭೆಯಲ್ಲಿ ಹಾಡುವುದು ಅದೇ ಮೊದಲು. ಅಂದು ಅವರ ಪಕ್ಕದಲ್ಲಿ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳೇ. ಸಂಗೀತ ಬಲ್ಲವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಹಾಡುವವನು ಮುಂದೆ, ಸಾಥಿ ಕೊಡುವವನು ಪಕ್ಕಕ್ಕೆ. ಎರಡು ಪದ್ಧತಿಗಳ ಪಂಡಿತರು, ವಯಸ್ಸಿನಲ್ಲಿ ಇಪ್ಪತ್ತೈದು ವರ್ಷ ಹಿರಿಯರು, ತುಂಬಿದ ಸಭೆಯಲ್ಲಿ ಶಿಷ್ಯನನ್ನು ಮುಂದೆ ಕೂಡಿಸಿ ತಾವು ಠೇಕಾ ಹಿಡಿದರು. ತಮ್ಮ ಕಂಠವೇ ಮೆರೆಯಬೇಕೆಂಬ ಹಂಬಲ ಅಲ್ಲಿರಲಿಲ್ಲ. ಸ್ವರ ಯಾರ ಕಂಠದಿಂದ ಎದ್ದರೇನು, ಸಲ್ಲಬೇಕಾದಲ್ಲಿ ಸಲ್ಲುತ್ತದೆ. ಶಿಷ್ಯರು ಒಂದು ಹೆಜ್ಜೆ ಮುಂದಾದರೆ ಮುನಿಸಿಕೊಳ್ಳುವ ಗುರುಗಳನ್ನು ನಾವು ಕಂಡಿದ್ದೇವೆ, ಮಠಗಳಲ್ಲಿಯೂ ಕಂಡಿದ್ದೇವೆ.

ಅಲೆದಾಟಕ್ಕೆ ಕೊನೆಯಾದದ್ದು ಗದಗಿನಲ್ಲಿ. ರೈಲಿನ ಜಂಕ್ಷನ್, ಹತ್ತಿಯ ಪೇಟೆ, ಬೆಟಗೇರಿಯ ಮಗ್ಗಗಳು, ನೀಡುವ ಕೈಯುಳ್ಳ ವ್ಯಾಪಾರಸ್ಥರು, ತ್ರಿಕೂಟೇಶ್ವರ ವೀರನಾರಾಯಣರ ಸನ್ನಿಧಿ, ತೋಂಟದಾರ್ಯ ಮಠದಂಥ ಮಠ, ಎಲ್ಲ ದಿಕ್ಕಿನಿಂದಲೂ ಕುರುಡು ಮಕ್ಕಳನ್ನು ಕರೆತರಲು ಅನುಕೂಲವಾದ ಊರು. ಬಸರಿಗಿಡದ ವೀರಪ್ಪನವರಂಥ ದಾನಿಗಳ ನೆರವಿನಿಂದ ಇಲ್ಲಿ ನೆಲೆ ದೊರೆಯಿತು. ವೀರೇಶ್ವರ ಪುಣ್ಯಾಶ್ರಮವೆಂದು ಹೆಸರಾಯಿತು. ನೆಲೆ ದೊರೆತರೂ ಕಾಲ ಸುಖದ್ದಾಗಿರಲಿಲ್ಲ. ಎರಡನೆಯ ಮಹಾಯುದ್ಧ ನಡೆದಿತ್ತು. ೧೯೪೨-೪೩ರಲ್ಲಿ ವಿಜಾಪುರ ಸೀಮೆಯಲ್ಲಿ ಬರ. ಕಾಳಿನ ಬೆಲೆ ಏರಿತ್ತು, ಎಲ್ಲದಕ್ಕೂ ಅಳತೆ, ಎಲ್ಲದಕ್ಕೂ ಚೀಟಿ. ತಮ್ಮ ಮನೆಯ ಮಕ್ಕಳಿಗೇ ಸಾಲದ ದಿನಗಳಲ್ಲಿ ಆಶ್ರಮದ ಜೋಳಿಗೆಗೆ ಮುಷ್ಟಿ ಕಾಳು ಹಾಕಿದ ನಮ್ಮ ತಾಯಂದಿರನ್ನೂ ಈ ಹೊತ್ತು ನೆನೆಯಬೇಕು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

೧೯೪೪ರ ಜೂನ್ ೧೧ರಂದು ಪಂಚಾಕ್ಷರಿ ಗವಾಯಿಗಳವರು ಲಿಂಗೈಕ್ಯರಾದರು. ವಯಸ್ಸು ಐವತ್ತೆರಡು. ಹೊಲದವರು ಬಿತ್ತಿಗೆಗೆ ಕೂರಿಗೆ ಕಟ್ಟುವ ಮಿರಗದ ದಿನಗಳು. ಅವರು ಬಿಟ್ಟುಹೋದದ್ದು ಒಂದಿಷ್ಟು ವಾದ್ಯಗಳು, ದಾಸೋಹದ ಪಾತ್ರೆಗಳು, ಉಣ್ಣಬೇಕಾದ ಅನೇಕ ಹೊಟ್ಟೆಗಳು. ಅಂದು ಆಶ್ರಮದ ಬಾಗಿಲು ಮುಚ್ಚಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ.

ಬಾಗಿಲು ಮುಚ್ಚದಂತೆ ನೋಡಿಕೊಂಡವರು ಶಿಷ್ಯ ಪುಟ್ಟರಾಜ ಗವಾಯಿಗಳವರು. ೧೯೧೪ರಲ್ಲಿ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಜನಿಸಿ, ಹಸುಗೂಸಾಗಿರುವಾಗಲೇ ಕಣ್ಣು ಕಳೆದುಕೊಂಡು, ಗುರುಗಳ ತೊಡೆಯ ಮೇಲೆ ಬೆಳೆದವರು. ಮೂವತ್ತನೆಯ ವಯಸ್ಸಿಗೆ ಆಶ್ರಮದ ಹೊಣೆ ಹೊತ್ತು ೨೦೧೦ರ ಸೆಪ್ಟೆಂಬರ್ ೧೭ರಂದು ಲಿಂಗೈಕ್ಯರಾಗುವವರೆಗೆ, ಅರವತ್ತಾರು ವರ್ಷ, ಅದನ್ನು ಕೆಳಗಿಳಿಸಲಿಲ್ಲ. ಕನ್ನಡ, ಹಿಂದಿ, ಸಂಸ್ಕೃತ ಮೂರು ಭಾಷೆಗಳಲ್ಲಿ ಕೃತಿ ರಚಿಸಿದರು, ಬ್ರೈಲ್ ಲಿಪಿಯನ್ನು ಕೈವಶ ಮಾಡಿಕೊಂಡರು. ಆ ವರ್ಷವೇ ಭಾರತ ಸರಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತ್ತು. ಅವರನ್ನು ಕಣ್ಣಾರೆ ಕಂಡವರು, ಪಾದ ಮುಟ್ಟಿದವರು ನಿಮ್ಮಲ್ಲಿ ಸಾವಿರಾರು ಜನ ಇದ್ದೀರಿ. ಅವರ ವಿಷಯ ಇನ್ನೊಂದು ವಾರಕ್ಕೆ ಇರಲಿ.

ಶ್ರಾವಣ ಬಂತೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಪುರಾಣ ಹಚ್ಚುವುದುಂಟು. ಶಾಸ್ತ್ರಿಗಳು ಪುರಾಣ ಬಿಡಿಸುತ್ತಿರುವಾಗ ಪಕ್ಕದಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಒಬ್ಬ ಗವಾಯಿ, ತಬಲಾದ ಮುಂದೆ ಇನ್ನೊಬ್ಬ. ಎಷ್ಟೋ ಸಲ ಇಬ್ಬರಲ್ಲಿ ಒಬ್ಬರಿಗೆ ಕಣ್ಣಿರುವುದಿಲ್ಲ. ಎಲ್ಲಿ ಕಲಿತಿರಿ ಎಂದು ಕೇಳಿದರೆ ಗದಗಿನ ಆಶ್ರಮವೆನ್ನುತ್ತಾರೆ. ಈ ಸಲ ನಿಮ್ಮ ಊರಿನ ಪುರಾಣಕ್ಕೆ ಅಂಥವರು ಬಂದರೆ, ಮಂಗಳಾರತಿಯಾದ ಮೇಲೆ ಅವರ ಕೈಹಿಡಿದು ಪ್ರಸಾದದ ಪಂಕ್ತಿಗೆ ಕರೆದುಕೊಂಡು ಹೋಗಿರಿ. ಮೊದಲ ಎಡೆ ಅವರ ಮುಂದೆ ಬೀಳಲಿ.